ಚಾಕೊಲೇಟಿನ ಹದ



ರಜೆಯಲ್ಲಿ ಪರದೇಶಕ್ಕೆ ಹೋದವರು ಸಾಮಾನ್ಯವಾಗಿ ಊರನ್ನು ಕಣ್ಣಿನಿಂದ ನೋಡಿ ಬರುತ್ತಾರೆ. ಅರಮನೆ, ಇಗರ್ಜಿ, ವಸ್ತುಸಂಗ್ರಹಾಲಯ, ಸೇತುವೆ, ಪೇಟೆಬೀದಿ, ಇವನ್ನೆಲ್ಲ ಒಂದಾದ ಮೇಲೊಂದರಂತೆ ಕಂಡು, ಸಂಜೆಯ ವೇಳೆಗೆ ಕಾಲು ಸೋತು ಬಿಡಾರಕ್ಕೆ ಮರಳುತ್ತಾರೆ. ಅದು ಬೇಡವೆಂದು ನಾನು ಹೇಳಲಾರೆ. ಆದರೆ ಒಂದು ಊರನ್ನು ತಿಳಿದುಕೊಳ್ಳುವುದಕ್ಕೆ ಇನ್ನೊಂದು ಮಾರ್ಗವೂ ಉಂಟು. ಆ ಊರಿನ ಜನ ತಲೆಮಾರುಗಳಿಂದ ಯಾವ ಕಸುಬಿನಲ್ಲಿ ತಮ್ಮ ಕೈಯನ್ನು ಪಳಗಿಸಿಕೊಂಡು ಬಂದಿರುವರೋ, ಯಾವ ಕಸುಬಿನಿಂದ ಊರಿಗೆ ಅನ್ನವೂ ಕೀರ್ತಿಯೂ ದೊರೆತಿರುವುವೋ, ಆ ಕಸುಬನ್ನು ಬಲ್ಲವರ ಮುಂದೆ ನಿಂತು, ಅರ್ಧ ದಿನದ ಮಟ್ಟಿಗಾದರೂ ನಮ್ಮ ಕೈಯನ್ನು ಅದಕ್ಕೆ ಒಪ್ಪಿಸುವುದೇ ಆ ಮಾರ್ಗ.

ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಪಾಠದ ವಿಷಯ. ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸಿನಲ್ಲಿ ಪ್ರವಾಸಿಗಳ ಕೈಯಿಂದಲೇ ಮಾಡಿಸಿ ಚಾಕೊಲೇಟಿನ ಕೆಲಸವನ್ನು ಕಲಿಸುವ ಪಾಕಶಾಲೆಗಳಿವೆ. ಬಂಧುಗಳ ಮನೆಗೆಂದು ಆ ಊರಿಗೆ ಹೋಗಿದ್ದ ರಜೆಯಲ್ಲಿ ನಾನು ಅಂಥದೊಂದು ಪಾಠಕ್ಕೆ ಸೇರಿದೆ. ಅಲ್ಲಿ ಕಲಿತದ್ದೇನು, ಕಲಿಯದೆ ಉಳಿದದ್ದೇನು, ಉಳಿದದ್ದನ್ನು ಕಲಿಯಬೇಕಾದರೆ ನಾವು ಎಲ್ಲಿಗೆ ಹೋಗಬೇಕು, ಇಷ್ಟೇ ಈ ಭಾಷಣದ ವ್ಯಾಪ್ತಿ. ಮಾತೆಲ್ಲ ಒಂದೇ ವಿಷಯವನ್ನು ಸುತ್ತುವುದು. ಅದು ಹದ.

ಮೊದಲು ಸ್ಥಳದ ವಿಚಾರ. ಬ್ರಸೆಲ್ಸಿನ ನಟ್ಟನಡುವೆ ಗ್ರಾಂ ಪ್ಲಾಸ್ ಎಂಬ ದೊಡ್ಡ ಚೌಕವಿದೆ. ಕಲ್ಲು ಹಾಸಿದ ಆ ಚೌಕದ ಒಂದು ಪಕ್ಕದಲ್ಲಿ ಪುರಸಭೆಯ ಮಂದಿರವೂ ಅದರ ಉನ್ನತವಾದ ಗೋಪುರವೂ ಇವೆ. ಉಳಿದ ಕಡೆಗಳಲ್ಲಿ, ಅಗಲ ಕಡಿಮೆಯಾಗಿ, ಎತ್ತರ ಹೆಚ್ಚಾಗಿ, ಒಂದರ ಭುಜಕ್ಕೆ ಒಂದು ಭುಜ ತಾಗಿಸಿ ನಿಂತ ಮನೆಗಳು. ಅವುಗಳ ಮುಖಭಾಗದ ತುಂಬ ಕಲ್ಲಿನ ಕೆತ್ತನೆ, ಚಿನ್ನದ ಲೇಪ. ಇವನ್ನು ಕಟ್ಟಿಸಿದವರು ದೊರೆಗಳಲ್ಲ. ರೊಟ್ಟಿ ಸುಡುವವರು, ಬಿಯರು ಕಾಯಿಸುವವರು, ದೋಣಿ ನಡೆಸುವವರು, ಮರಗೆಲಸದವರು, ದೀಪದ ಬತ್ತಿಗೆ ಕೊಬ್ಬು ಮಾರುವವರು, ಹೀಗೆ ಒಂದೊಂದು ಕಸುಬಿನ ಸಂಘದವರು ತಮ್ಮ ತಮ್ಮ ಸಭೆಗಾಗಿ ಕಟ್ಟಿಸಿಕೊಂಡ ಮನೆಗಳು ಅವು. ನಮ್ಮ ಪ್ರಾಚೀನ ಶಾಸನಗಳಲ್ಲಿ ಹೆಸರು ಬರುವ ಶ್ರೇಣಿಗಳಂಥವೇ ಆ ಸಂಘಗಳು. 1695ರಲ್ಲಿ ಫ್ರೆಂಚ್ ಸೈನ್ಯವು ಗುಂಡು ಹಾರಿಸಿ ಚೌಕವನ್ನು ಬಹುಮಟ್ಟಿಗೆ ಬೂದಿಮಾಡಿದಾಗ, ಇದೇ ಕಸುಬುದಾರರು ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಊರಿನ ಹೃದಯಸ್ಥಾನದಲ್ಲಿ ಕೈಗೆಲಸದವರಿಗೆ ಇಂಥ ಗೌರವವಿರುವ ಕಡೆ, ಅಪರಿಚಿತನಿಗೂ ಕೆಲಸವನ್ನು ಬಿಚ್ಚಿ ಕಲಿಸುವ ಮನಸ್ಸು ಹುಟ್ಟುವುದು ಸಹಜವೆಂದು ನನಗೆ ತೋರಿತು.

ಆ ಚೌಕದಿಂದ ಕೂಗಳತೆಯಲ್ಲಿ, ಮೇಲೆಲ್ಲ ಗಾಜಿನ ಕಮಾನು ಹೊದಿಸಿದ ಒಂದು ಅಂಗಡಿ ಬೀದಿಯಿದೆ. ಅದು 1847ರದು. ಅಲ್ಲಿ 1857ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಝಾಂ ನೊಯ್‌ಹೌಸ್ ಎಂಬವನು ಔಷಧದ ಅಂಗಡಿ ತೆರೆದನು. ಮದ್ದಿನ ಕಹಿಯನ್ನು ಮರೆಸುವುದಕ್ಕಾಗಿ ಅವನು ಅದರ ಮೇಲೆ ಚಾಕೊಲೇಟಿನ ಲೇಪ ಕೊಡುತ್ತಿದ್ದನು. 1912ರಲ್ಲಿ ಅವನ ಮೊಮ್ಮಗ, ಅದೇ ಹೆಸರಿನವನು, ಒಳಗಿನ ಮದ್ದನ್ನು ತೆಗೆದು ಅದರ ಜಾಗದಲ್ಲಿ ಸಿಹಿಯಾದ ಹೂರಣವನ್ನಿಟ್ಟನು. ಪ್ರಾಲೀನ್ ಎಂದು ಇಂದು ಲೋಕವೆಲ್ಲ ಕೊಳ್ಳುವ ಬೆಲ್ಜಿಯಂ ಚಾಕೊಲೇಟು ಹುಟ್ಟಿದ್ದು ಹಾಗೆ. ಕೊಂಡವರ ಕೈಯಲ್ಲಿ ಅದು ಜಜ್ಜಿಹೋಗದಿರಲೆಂದು 1915ರಲ್ಲಿ ಅವನ ಹೆಂಡತಿ ಲೂಯಿಸ್ ಅಗೊಸ್ಟಿನಿ ರಟ್ಟಿನ ಪುಟ್ಟ ಪೆಟ್ಟಿಗೆಯೊಂದನ್ನು ಕಲ್ಪಿಸಿದಳು. ಆ ಪೆಟ್ಟಿಗೆಯ ಆಕಾರ ಇಂದಿಗೂ ಬದಲಾಗಿಲ್ಲ.

ಊರಿನ ಮಾತು ಇಷ್ಟು ಸಾಕು. ಕಸುಬಿಗೆ ಗೌರವವಿರುವ ಊರು, ಮದ್ದಿನ ಅಂಗಡಿಯಿಂದ ಹೊರಬಂದ ಮಿಠಾಯಿ, ಇವೆರಡನ್ನು ನೆನಪಿನಲ್ಲಿಡಿ. ಇನ್ನು ಪಾಠದ ಕೋಣೆಗೆ ಹೋಗೋಣ.

ನೆಲಮಾಳಿಗೆಯ ಒಂದು ಉದ್ದನೆಯ ಕೋಣೆ. ಹೊರಗೆ ಬೇಸಿಗೆಯಿದ್ದರೂ ಒಳಗೆ ತಂಪು. ಹೆಚ್ಚೆಂದರೆ 20 ಡಿಗ್ರಿ. ನಡುವೆ ಬಿಳಿಯ ಅಮೃತಶಿಲೆಯ ಮೇಜು. ಸುತ್ತಲೂ ಹತ್ತು ಹನ್ನೆರಡು ಮಂದಿ, ಬೇರೆ ಬೇರೆ ದೇಶದವರು, ಎಲ್ಲರ ಕೊರಳಿಗೂ ಒಂದೇ ಬಣ್ಣದ ಏಪ್ರನ್. ಕಲಿಸುವಾಕೆ ಐವತ್ತು ದಾಟಿದ ಹೆಂಗಸು. ಮಾತು ಮಿತ, ಕೈ ಚುರುಕು. ಆಕೆಯ ಮೊದಲನೆಯ ಅಪ್ಪಣೆ, ಕೈ ತೊಳೆಯಿರಿ ಎಂಬುದು; ಎರಡನೆಯದು, ತೊಳೆದ ಕೈಯನ್ನು ಪೂರ್ತಿ ಒಣಗಿಸಿಕೊಳ್ಳಿರಿ ಎಂಬುದು. ಎರಡನೆಯದನ್ನು ಆಕೆ ಒತ್ತಿ ಹೇಳಿದಳು. ಕರಗಿದ ಚಾಕೊಲೇಟಿಗೆ ನೀರಿನ ಕೆಲವು ಹನಿ ಬಿದ್ದರೂ ಕೆಲಸ ಕೆಟ್ಟಿತು. ಅದರಲ್ಲಿರುವ ಸಕ್ಕರೆಯ ಕಣಗಳು ನೀರನ್ನು ಹೀರಿ, ಒಂದಕ್ಕೊಂದು ಅಂಟಿಕೊಂಡು, ನುಣುಪಾಗಿದ್ದ ದ್ರವವು ಕ್ಷಣಮಾತ್ರದಲ್ಲಿ ಗಂಟುಗಟ್ಟಿ ತರಿತರಿಯಾಗಿಬಿಡುವುದು.

ಚಾಕೊಲೇಟಿನ ಕೆಲಸದಲ್ಲಿ ಬೇಯಿಸುವುದೆಂಬುದಿಲ್ಲ. ಕರಗಿಸುವುದು, ಆರಿಸುವುದು, ಮತ್ತೆ ತುಸುವೇ ಬೆಚ್ಚಗೆ ಮಾಡುವುದು, ಇಷ್ಟೇ. ಈ ಇಷ್ಟರೊಳಗೆ ಕಸುಬಿನ ಸರ್ವಸ್ವವೂ ಅಡಗಿದೆ. ಮೊದಲು ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕಾಯಿಸಿ ಸಂಪೂರ್ಣವಾಗಿ ಕರಗಿಸುತ್ತಾರೆ. ಅದರ ಮೂರರಲ್ಲಿ ಎರಡು ಪಾಲನ್ನು ಅಮೃತಶಿಲೆಯ ಮೇಲೆ ಸುರಿಯುತ್ತಾರೆ. ಬಲಗೈಯಲ್ಲಿ ಉದ್ದನೆಯ ಚಪ್ಪಟೆ ಅಲಗು, ಎಡಗೈಯಲ್ಲಿ ಮೂರು ಮೂಲೆಯ ಕೆರೆಯುವ ಪಟ್ಟಿ. ಸುರಿದದ್ದನ್ನು ತೆಳ್ಳಗೆ ಹರಡಬೇಕು, ಹರಡಿದ್ದನ್ನು ನಡುವಿಗೆ ಬಳಿದು ತರಬೇಕು, ಮತ್ತೆ ಹರಡಬೇಕು. ಕಲ್ಲು ಬಿಸಿಯನ್ನು ಹೀರುತ್ತಾ ಹೋಗುತ್ತದೆ. ಸುಮಾರು 27 ಡಿಗ್ರಿಗೆ ಇಳಿದಾಗ ದ್ರವ ದಪ್ಪವಾಗುತ್ತದೆ. ಆಗ ತಡಮಾಡದೆ ಅದನ್ನು ಪಾತ್ರೆಯಲ್ಲಿ ಉಳಿದಿದ್ದ ಬಿಸಿಯ ಪಾಲಿಗೆ ಸೇರಿಸಿ, ಒಟ್ಟನ್ನು 31 ಅಥವಾ 32 ಡಿಗ್ರಿಗೆ ತರಬೇಕು. ಹಾಲಿನ ಚಾಕೊಲೇಟಿಗೂ ಬಿಳಿಯ ಚಾಕೊಲೇಟಿಗೂ ಈ ಅಂಕ ಎರಡು ಮೂರು ಡಿಗ್ರಿ ಕೆಳಗೆ.

ಶ್ರೋತೃಗಳೆ, ಉಷ್ಣಮಾಪಕವು ಎಲ್ಲರ ಮುಂದೆಯೂ ಇತ್ತು. ಆದರೆ ಕಲಿಸುವಾಕೆ ಅದನ್ನು ನೋಡಲೇ ಇಲ್ಲ. ಅಲಗು ಕಲ್ಲಿನ ಮೇಲೆ ಸರಿಯುವ ಸದ್ದನ್ನು ಕೇಳುತ್ತಿದ್ದಳು. ಚಾಕೊಲೇಟು ಬಿಸಿಯಾಗಿರುವಾಗ ಅಲಗು ಬಹುಪಾಲು ನಿಶ್ಶಬ್ದವಾಗಿ ಜಾರುತ್ತದೆ. ಆರುತ್ತಾ ಬಂದಂತೆ ಅಂಚಿನಲ್ಲಿ ತೆಳುವಾದ ಪೊರೆ ಕಟ್ಟಿ, ಅದನ್ನು ಕೆರೆಯುವ ಒಂದು ಒರಟು ದನಿ ಏಳುತ್ತದೆ. ನನ್ನ ಕಲ್ಲಿನಿಂದ ಆ ದನಿ ಎದ್ದಾಗ, ಮೇಜಿನ ಆ ತುದಿಯಲ್ಲಿ ಬೇರೊಬ್ಬರಿಗೆ ಹೇಳಿಕೊಡುತ್ತಿದ್ದ ಆಕೆ, ಇತ್ತ ತಿರುಗಿಯೂ ನೋಡದೆ, ಸಾಕು, ಎತ್ತಿ ಎಂದಳು. ಪಾತ್ರೆಗೆ ಸೇರಿಸಿ ಕಲಸಿದ ಮೇಲೆ ಇನ್ನೊಂದು ಪರೀಕ್ಷೆ. ಚಾಕೊಲೇಟಿನ ಒಂದು ಬಿಂದುವನ್ನು ಕೆಳದುಟಿಯ ಕೆಳಗೆ ತಾಗಿಸಿಕೊಳ್ಳುವುದು. ತುಟಿಯ ಬಳಿಯ ಚರ್ಮವು ಚಾಕೊಲೇಟಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿರುವುದರಿಂದ, ಹದ ಸರಿಯಾಗಿದ್ದರೆ ಆ ಬಿಂದು ಅಲ್ಲಿ ತುಸು ತಣ್ಣಗೆನಿಸಬೇಕು. ಬೆಚ್ಚಗೆನಿಸಿದರೆ ಇನ್ನೂ ಆರಬೇಕು. ಕೊನೆಯದಾಗಿ, ಅಲಗಿನ ತುದಿಯನ್ನು ಅದ್ದಿ ಇಡುತ್ತಾರೆ. ಐದು ನಿಮಿಷದೊಳಗೆ ಅದು ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿತೆಂದು ನಿಶ್ಚಯ.

ಇದನ್ನು ಕಂಡಾಗ ನನಗೆ ನಮ್ಮ ಮನೆಯ ಹಿರಿಯರು ಬೆಲ್ಲದ ಪಾಕ ಹಿಡಿಯುತ್ತಿದ್ದ ಕ್ರಮ ಕಣ್ಣ ಮುಂದೆ ನಿಂತಿತು. ಬೆರಳ ನಡುವೆ ಒಂದೆಳೆ ಬಂದಿತೇ, ಎರಡೆಳೆ ಬಂದಿತೇ, ತಣ್ಣೀರಿಗೆ ಬಿಟ್ಟರೆ ಉಂಡೆಗಟ್ಟಿತೇ ಎಂದು ನೋಡಿ, ಒಲೆಯಿಂದ ಇಳಿಸುವ ಕ್ಷಣವನ್ನು ಅವರು ಯಾವ ಮಾಪಕದ ನೆರವೂ ಇಲ್ಲದೆ ನಿರ್ಣಯಿಸುತ್ತಿದ್ದರು. ಆ ವಿದ್ಯೆಯನ್ನು ನಾವು ಮನೆಯೊಳಗಿನ ಸಾಮಾನ್ಯ ಸಂಗತಿಯೆಂದು ಎಣಿಸಿ, ಅದಕ್ಕೆ ಕೊಡಬೇಕಾದ ಗೌರವ ಕೊಡಲಿಲ್ಲ. ಬ್ರಸೆಲ್ಸಿನವರು ಅಂಥದೇ ವಿದ್ಯೆಯನ್ನು ಶುಲ್ಕವಿಟ್ಟು ಕಲಿಸುತ್ತಾರೆ. ಕಲಿಯಲು ಲೋಕವೇ ಅಲ್ಲಿಗೆ ಹೋಗುತ್ತದೆ.

ಕರಗಿಸಿ, ಆರಿಸಿ, ಮತ್ತೆ ಬೆಚ್ಚಗೆ ಮಾಡುವುದೇ ಹದಗೊಳಿಸುವ ಕ್ರಮವೆಂದು ಹೇಳಿದೆ. ಹೀಗೇಕೆ ಮಾಡಬೇಕೆಂಬುದನ್ನು ಈಗ ಸ್ವಲ್ಪ ವಿವರಿಸುತ್ತೇನೆ.

ಚಾಕೊಲೇಟಿಗೆ ಗಟ್ಟಿತನ ಬರುವುದು ಅದರಲ್ಲಿರುವ ಕೊಕ್ಕೋ ಬೆಣ್ಣೆಯಿಂದ. ಈ ಬೆಣ್ಣೆ ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಬೇರೆ ಬೇರೆ ವಿನ್ಯಾಸಗಳಲ್ಲಿ ಜೋಡಿಸಿಕೊಳ್ಳಬಲ್ಲವು. ಆರರಲ್ಲಿ ಐದನೆಯದು ಮಾತ್ರ ನಮಗೆ ಬೇಕಾದದ್ದು. ಅದು ಕರಗುವುದು ಸುಮಾರು 34 ಡಿಗ್ರಿಯಲ್ಲಿ. ನಮ್ಮ ಶರೀರದ ಉಷ್ಣ ಸುಮಾರು 37 ಡಿಗ್ರಿ. ಆದಕಾರಣ ಒಳ್ಳೆಯ ಚಾಕೊಲೇಟು ತಂಪಾದ ಕೋಣೆಯಲ್ಲಿ ಗಟ್ಟಿಯಾಗಿ, ಮುರಿದರೆ ಟಪ್ಪೆಂದು ಸದ್ದುಮಾಡಿ, ನಾಲಗೆಯ ಮೇಲಿಟ್ಟೊಡನೆ ತಾನಾಗಿ ಕರಗುತ್ತದೆ. ಕೆಳಗಿನ ವಿನ್ಯಾಸಗಳು ಇನ್ನೂ ಕಡಿಮೆ ಉಷ್ಣದಲ್ಲಿಯೇ ಕರಗುವುವು. ಅವು ಸೇರಿಕೊಂಡರೆ ಚಾಕೊಲೇಟು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. 27 ಡಿಗ್ರಿಗೆ ಇಳಿಸಿದಾಗ ಬೇಕಾದ ಹರಳೂ ಬೇಡವಾದ ಹರಳೂ ಕೂಡಿಯೇ ಹುಟ್ಟುತ್ತವೆ. 31ಕ್ಕೆ ಏರಿಸಿದಾಗ ಬೇಡವಾದದ್ದು ಕರಗಿಹೋಗಿ ಬೇಕಾದದ್ದು ಉಳಿಯುತ್ತದೆ. ಉಳಿದದ್ದೇ ಬೀಜವಾಗಿ, ಮಿಕ್ಕ ಬೆಣ್ಣೆಯನ್ನೆಲ್ಲ ತನ್ನ ವಿನ್ಯಾಸಕ್ಕೆ ಸೆಳೆದುಕೊಳ್ಳುತ್ತದೆ.

ಇಲ್ಲಿ ಗೃಹಿಣಿಯರಿಗೆ ಉಪಯೋಗವಾಗುವ ಒಂದು ಮಾತು. ಬೇಸಿಗೆಯಲ್ಲಿ ಮೆತ್ತಗಾಗಿ, ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬೂದಿಬಣ್ಣದ ತೆಳುಪೊರೆ ಕಾಣುವುದುಂಟು. ಬೂಷ್ಟು ಹಿಡಿಯಿತೆಂದು ಅನೇಕರು ಅದನ್ನು ಬಿಸಾಡುತ್ತಾರೆ. ಅದು ಬೂಷ್ಟಲ್ಲ. ಹದ ತಪ್ಪಿದ ಕೊಕ್ಕೋ ಬೆಣ್ಣೆ ಮೇಲಕ್ಕೆ ಬಂದು ನಿಂತದ್ದು. ನೋಟ ಕೆಟ್ಟಿರುತ್ತದೆ, ನುಣುಪು ಕೆಟ್ಟಿರುತ್ತದೆ, ತಿನ್ನುವುದಕ್ಕೆ ಅಡ್ಡಿಯಿಲ್ಲ.

ಹದ ಬಂದ ಮೇಲಿನ ಕೆಲಸ ಆನಂದದಾಯಕವಾದದ್ದು. ಅಚ್ಚಿನ ಕುಳಿಗಳಿಗೆ ಚಾಕೊಲೇಟು ಸುರಿದು, ಅಚ್ಚನ್ನು ಮೇಜಿಗೆ ಕುಟ್ಟಿ ಗಾಳಿಯ ಗುಳ್ಳೆಗಳನ್ನು ಹೊರಡಿಸಿ, ಒಡನೆಯೇ ತಲೆಕೆಳಗು ಮಾಡಿ ಹೆಚ್ಚಿನದನ್ನು ಬಸಿಯುತ್ತಾರೆ. ಕುಳಿಯ ಗೋಡೆಗೆ ಅಂಟಿದ ತೆಳುವಾದ ಚಿಪ್ಪು ಉಳಿಯುತ್ತದೆ. ಅದರೊಳಗೆ ಹುರಿದ ಹೇಝಲ್‌ಕಾಯಿಯನ್ನು ಸಕ್ಕರೆಯೊಡನೆ ಅರೆದ ಹೂರಣವನ್ನೋ, ಕೆನೆಯೂ ಚಾಕೊಲೇಟೂ ಕೂಡಿದ ಗನಾಶನ್ನೋ ತುಂಬಿ, ಮೇಲೆ ಮತ್ತೆ ಚಾಕೊಲೇಟಿನಿಂದ ಮುಚ್ಚಿ ತಣ್ಣಗಿಡುತ್ತಾರೆ. ಹದವಾದ ಚಾಕೊಲೇಟು ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ. ಕುಗ್ಗಿದ್ದರಿಂದಲೇ, ಅಚ್ಚನ್ನು ಬೋರಲು ಹಾಕಿ ಒಮ್ಮೆ ತಟ್ಟಿದರೆ, ಪ್ರಾಲೀನ್‌ಗಳೆಲ್ಲ ಗಳಗಳನೆ ಮೇಜಿನ ಮೇಲೆ ಉದುರುತ್ತವೆ. ಹದ ತಪ್ಪಿದ್ದು ಅಚ್ಚನ್ನು ಬಿಡದು. ಉಳಿದ ಚಾಕೊಲೇಟನ್ನು ಸಣ್ಣ ಬಿಲ್ಲೆಗಳಾಗಿ ಬಿಟ್ಟು, ಅದರ ಮೇಲೆ ಬಾದಾಮಿ, ಹೇಝಲ್‌ಕಾಯಿ, ಒಣದ್ರಾಕ್ಷಿ, ಅಂಜೂರಗಳನ್ನು ಇರಿಸಿದೆವು. ಕ್ರೈಸ್ತರಲ್ಲಿ ಭಿಕ್ಷೆಯಿಂದ ಜೀವಿಸುತ್ತಿದ್ದ ನಾಲ್ಕು ಸಂನ್ಯಾಸಿ ಪಂಗಡಗಳ ನಿಲುವಂಗಿಯ ಬಣ್ಣಗಳಿಗೆ ಆ ನಾಲ್ಕು ಹಣ್ಣುಗಳು ಸಂಕೇತವಂತೆ.

ಇಷ್ಟಕ್ಕೆ ಎರಡೂವರೆ ಮೂರು ಗಂಟೆ ಹಿಡಿಯಿತು. ಇಂಥ ಪಾಠಕ್ಕೆ ಸೇರಬಯಸುವವರಿಗೆ ನನ್ನದೊಂದು ಸೂಚನೆ. ಹದಗೊಳಿಸುವ ಕೆಲಸವನ್ನು ಕಲಿಯುವವರ ಕೈಯಿಂದಲೇ ಮಾಡಿಸುವರೇ ಎಂದು ಮೊದಲೇ ವಿಚಾರಿಸಿ. ಕೆಲವು ಕಡೆಗಳಲ್ಲಿ ಯಂತ್ರವು ಚಾಕೊಲೇಟನ್ನು ಹದವಾದ ಸ್ಥಿತಿಯಲ್ಲಿ ಸದಾ ತಿರುಗಿಸುತ್ತಿರುತ್ತದೆ. ಕಲಿಯುವವರು ಅದನ್ನು ಹಿಡಿದು ಅಚ್ಚಿಗೆ ಸುರಿದು ಅಲಂಕಾರ ಮಾಡುತ್ತಾರೆ, ಅಷ್ಟೇ. ಮಕ್ಕಳ ಜೊತೆಯಲ್ಲಿ ಹೋದವರಿಗೆ ಅದು ಸಾಕಾದೀತು. ಕಸುಬನ್ನು ಅರಿಯಬಯಸುವವರಿಗೆ ಸಾಲದು. ಕೆನೆಯ ಹೂರಣವಿರುವುದು ಎರಡು ವಾರಕ್ಕಿಂತ ಹೆಚ್ಚಾಗಿ ನಿಲ್ಲುವುದಿಲ್ಲವಾದ್ದರಿಂದ, ಊರಿಗೆ ತರುವುದಾದರೆ ಬಿಲ್ಲೆಗಳೇ ಲೇಸು.

ಶ್ರೋತೃಗಳೆ, ಇಲ್ಲಿಯವರೆಗೆ ಹೇಳಿದ್ದು ಪಾಠದಲ್ಲಿ ಕಲಿತದ್ದು. ಕಿವಿ, ತುಟಿ, ಬೆರಳುಗಳಿಂದ ತಿಳಿಯುವ ಒಂದು ಹದ. ಅದರ ಹಿಂದಿನ ಕಾರಣ. ಈಗ ಹೇಳುವುದು, ಅಲ್ಲಿ ಕಲಿಯದೆ ಉಳಿದದ್ದು. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಇದೇ.

ನಾವು ಕರಗಿಸಿದ ಚಾಕೊಲೇಟು ಅಂಗಿಯ ಗುಂಡಿಯಷ್ಟು ಗಾತ್ರದ ತುಣುಕುಗಳಾಗಿ ದೊಡ್ಡ ಚೀಲದಲ್ಲಿ ಬಂದಿತ್ತು. ಬ್ರಸೆಲ್ಸಿಗೆ ಸಮೀಪದ ವೀಜೆ ಎಂಬ ಹಳ್ಳಿಯಲ್ಲಿ ಲೋಕದ ಅತಿ ದೊಡ್ಡ ಚಾಕೊಲೇಟು ಕಾರ್ಖಾನೆಗಳಲ್ಲೊಂದು ಇದೆ. ಅಂಥ ಕಾರ್ಖಾನೆಗಳು ಬೀಜವನ್ನು ಹುರಿದು, ಸಿಪ್ಪೆ ಹಾರಿಸಿ, ಅರೆದು, ಸಕ್ಕರೆ ಕೂಡಿಸಿ, ಗಂಟೆಗಟ್ಟಲೆ ನಾದಿ ಈ ತುಣುಕುಗಳನ್ನು ಮಾಡುತ್ತವೆ. ಬೆಲ್ಜಿಯಂ ದೇಶದ ಬಹುಮಂದಿ ಮಿಠಾಯಿಗಾರರ ಕೆಲಸ ಈ ಚೀಲವನ್ನು ಬಿಚ್ಚುವಲ್ಲಿಂದ ಆರಂಭವಾಗುತ್ತದೆ. ಅದಕ್ಕೂ ಹಿಂದಿನದು? ಗೋಡೆಯ ಮೇಲಿನ ಒಂದು ಗಾಜಿನ ಭರಣಿಯಲ್ಲಿ ಕೊಕ್ಕೋ ಬೀಜಗಳಿದ್ದವು. ಕಲಿಸುವಾಕೆ ಒಬ್ಬೊಬ್ಬರ ಅಂಗೈಗೆ ಹುರಿದ ಬೀಜವೊಂದನ್ನು ಹಾಕಿದಳು. ಸಿಪ್ಪೆ ಸುಲಿದು ಬಾಯಿಗಿಟ್ಟರೆ ಕಹಿ. ಕಹಿಯ ಹಿಂದೆ ಚಾಕೊಲೇಟಿನ ಗಂಧ. ಇದು ಆಫ್ರಿಕದಿಂದ ಬರುತ್ತದೆ ಎಂದು ಒಂದೇ ವಾಕ್ಯ ಹೇಳಿ ಆಕೆ ಮುಂದಕ್ಕೆ ಹೋದಳು.

ಆ ಒಂದು ವಾಕ್ಯದಲ್ಲಿ ಎಷ್ಟೆಲ್ಲ ಅಡಗಿದೆ! ಲೋಕದ ಕೊಕ್ಕೋ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡು ದೇಶಗಳಿಂದ ಬರುತ್ತದೆ. ಬೆಳೆಯುವವರು ಬಹುತೇಕ ಸಣ್ಣ ಹಿಡುವಳಿದಾರರು, ಬಡವರು. ಅಲ್ಲಿಯ ತೋಟಗಳಲ್ಲಿ ಮಕ್ಕಳನ್ನು ಅಪಾಯದ ದುಡಿಮೆಗೆ ಹಚ್ಚುವುದನ್ನು ನಿಲ್ಲಿಸುವೆವೆಂದು ದೊಡ್ಡ ದೊಡ್ಡ ಕಂಪನಿಗಳವರು 2001ರಲ್ಲಿ ಅಮೆರಿಕದಲ್ಲಿ ಒಪ್ಪಂದಕ್ಕೆ ಸಹಿಮಾಡಿದರು. ಆ ದುಡಿಮೆ ಇನ್ನೂ ನಿಂತಿಲ್ಲ. ಬೆಲ್ಜಿಯಂ ದೇಶವು ತಾನೇ 1908ರಿಂದ 1960ರವರೆಗೆ ಆಫ್ರಿಕದ ಕಾಂಗೋವನ್ನು ಆಳಿತು. ಅದಕ್ಕೂ ಹಿಂದೆ ಎರಡು ದಶಕಗಳ ಕಾಲ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನು ಆ ವಿಶಾಲ ನಾಡನ್ನು ಸ್ವಂತ ಆಸ್ತಿಯಾಗಿ ಇಟ್ಟುಕೊಂಡು ಅಲ್ಲಿಯ ಜನರನ್ನು ಘೋರವಾಗಿ ಪೀಡಿಸಿದನು. ಮಿಠಾಯಿಯ ಪಾಠದಲ್ಲಿ ಇತಿಹಾಸವನ್ನೆಲ್ಲ ಹೇಳಬೇಕೆಂದು ನಾನು ಬಯಸುವುದಿಲ್ಲ. ಆದರೆ ತೋಟದಲ್ಲಿ ನಡೆಯುವ ಕೆಲಸವೂ ಕಸುಬೇ ಎಂಬುದನ್ನು ಹೇಳಬೇಕಾಗಿತ್ತು. ಏಕೆಂದರೆ ಚಾಕೊಲೇಟಿಗೆ ಇರುವ ಹದಗಳು ಎರಡು. ಅಮೃತಶಿಲೆಯ ಮೇಲಿನದು ಎರಡನೆಯದು. ಮೊದಲನೆಯದು ತೋಟದಲ್ಲಿ ಬಾಳೆಯೆಲೆಯ ಕೆಳಗೆ ಆಗಿಹೋಗಿರುತ್ತದೆ. ಅದು ಕೆಟ್ಟಿದ್ದರೆ ಯಾವ ನಿಪುಣನ ಕೈಯೂ ಮುಂದೆ ಅದನ್ನು ಸರಿಪಡಿಸಲಾರದು.

ಆ ಮೊದಲನೆಯ ಹದವನ್ನು ಕಾಣುವುದಕ್ಕೆ ನಾವು ಸಮುದ್ರ ದಾಟಬೇಕಾಗಿಲ್ಲ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಬೆಳ್ತಂಗಡಿ ತಾಲೂಕುಗಳ ಅಡಕೆ ತೋಟಗಳಲ್ಲಿ, ಮರಗಳ ನೆರಳಿನಲ್ಲಿ, ಕೊಕ್ಕೋ ಬೆಳೆಯುತ್ತದೆ. ಕಂಡಿರದವರಿಗಾಗಿ ವರ್ಣಿಸುತ್ತೇನೆ. ಆಳೆತ್ತರಕ್ಕಿಂತ ತುಸು ಹೆಚ್ಚಿನ ಗಿಡ. ಅಗಲವಾದ, ಜೋಲುವ ಎಲೆಗಳು. ಹೂ ಬಿಡುವುದು ರೆಂಬೆಯ ತುದಿಯಲ್ಲಿ ಅಲ್ಲ, ಬೊಡ್ಡೆಯ ಮೇಲೆಯೇ. ಗೇಣುದ್ದದ, ಉದ್ದಕ್ಕೂ ಏಣುಗಳಿರುವ ಕಾಯಿ ಅಲ್ಲಿಯೇ ನೇತಾಡುತ್ತಾ, ಐದಾರು ತಿಂಗಳಲ್ಲಿ ಹಣ್ಣಾಗಿ ಹಳದಿಗೆ ತಿರುಗುತ್ತದೆ. ಅಳಿಲಿಗೂ ಇಲಿಗೂ ಅದು ಬಲು ಪ್ರಿಯ. ಮರದ ದೊಣ್ಣೆಯಿಂದ ಕುಟ್ಟಿ ಒಡೆದರೆ, ಒಳಗೆ ಬಿಳಿಯ ಲೋಳೆಯಲ್ಲಿ ಹುದುಗಿದ ಮೂವತ್ತು ನಲವತ್ತು ಬೀಜಗಳು. ಲೋಳೆಗೆ ಹುಳಿಸಿಹಿಯಾದ ಸೊಗಸಾದ ರುಚಿ. ಬೀಜವನ್ನು ಕಚ್ಚಿದರೆ ಕಹಿ, ಒಗರು. ಚಾಕೊಲೇಟಿನ ಗಂಧ ಲವಲೇಶವೂ ಇಲ್ಲ.

ಆ ಗಂಧಕ್ಕೆ ಮೂಲವಾಗುವುದು ಹುದುಗು. ಹಸಿ ಬೀಜವನ್ನು ಲೋಳೆಯ ಸಮೇತ ಬುಟ್ಟಿಯಲ್ಲೋ ಮರದ ಪೆಟ್ಟಿಗೆಯಲ್ಲೋ ರಾಶಿಹಾಕಿ, ಬಾಳೆಯೆಲೆ ಮುಚ್ಚಿ, ಆರು ದಿನದ ಆಸುಪಾಸು ಬಿಡುತ್ತಾರೆ. ನಡುನಡುವೆ ಕಲಸಿ ಮಗುಚುತ್ತಾರೆ. ಲೋಳೆಯ ಸಕ್ಕರೆ ಮೊದಲು ಹೆಂಡವಾಗುತ್ತದೆ, ತರುವಾಯ ಹುಳಿಯಾಗುತ್ತದೆ. ರಾಶಿಯ ಉಷ್ಣ ತಾನಾಗಿ 45ರಿಂದ 50 ಡಿಗ್ರಿಗೆ ಏರುತ್ತದೆ. ಆ ಹುಳಿಗೂ ಬಿಸಿಗೂ ಬೀಜದ ಮೊಳಕೆ ಸತ್ತು, ಒಳಗಿನ ನೇರಳೆ ಬಣ್ಣ ಕಂದಿಗೆ ತಿರುಗಿ, ಮುಂದೆ ಹುರಿದಾಗ ಚಾಕೊಲೇಟಿನ ಪರಿಮಳವಾಗತಕ್ಕ ಸಾರ ಅಲ್ಲಿ ರೂಪುಗೊಳ್ಳುತ್ತದೆ. ಬಲ್ಲವರು ರಾಶಿಯೊಳಗೆ ಕೈಯಿಟ್ಟು ಕಾವನ್ನು ತಿಳಿಯುತ್ತಾರೆ, ಮೂಗಿನಿಂದ ದಿನವನ್ನು ತಿಳಿಯುತ್ತಾರೆ. ಒಂದು ಬೀಜವನ್ನು ಉದ್ದಕ್ಕೆ ಸೀಳಿದಾಗ ಇನ್ನೂ ನೇರಳೆಯೇ ಇದ್ದರೆ ಹುದುಗು ಸಾಲದು. ಬಳಿಕ ಒಂದು ವಾರದ ಬಿಸಿಲು. ಹಿಡಿಯಷ್ಟು ಬೀಜವನ್ನು ಮುಷ್ಟಿಯಲ್ಲಿ ಅಮುಕಿದರೆ ಚಟಚಟ ಸದ್ದು ಬರಬೇಕು. ಆಗ ಒಳಗಿನ ತೇವ ಶೇಕಡ ಏಳರಷ್ಟಕ್ಕೆ ಇಳಿದಿದೆಯೆಂದು ಅರ್ಥ. ಬ್ರಸೆಲ್ಸಿನ ಆ ಹೆಂಗಸು ಅಲಗಿನ ದನಿಯಿಂದ ತಿಳಿದದ್ದನ್ನು, ಇಲ್ಲಿ ಬೆಳೆಗಾರ ಮುಷ್ಟಿಯೊಳಗಿನ ಸದ್ದಿನಿಂದ ತಿಳಿಯುತ್ತಾನೆ.

ಚಾಕೊಲೇಟಿಗೆ ಎರಡು ಹದ; ಒಂದು ತೋಟದ್ದು, ಒಂದು ಪಾಕಶಾಲೆಯದು. ಇದಿಷ್ಟು ಸ್ಪಷ್ಟವಾಯಿತು. ಕೊನೆಯದಾಗಿ, ಈ ಎರಡನ್ನೂ ಒಂದೇ ಕಡೆಯಲ್ಲಿ ಕಲಿಸುವ ಅನುಕೂಲ ನಮಗಿದೆ ಎಂಬ ಮಾತು.

ನಮ್ಮ ಕೊಕ್ಕೋ ಬೆಳೆಗಾರರು ಸುಲಭದ ದಾರಿಯಲ್ಲಿ ಬಂದವರಲ್ಲ. 1980ರ ಆಸುಪಾಸಿನಲ್ಲಿ ಬೆಲೆ ಕುಸಿದು ಖಾಸಗಿ ಕೊಳ್ಳುಗರು ಹಿಂದೆಗೆದಾಗ, ಎಷ್ಟೋ ಮಂದಿ ಗಿಡಗಳನ್ನು ಕಡಿದುಹಾಕಿದರು. ಆಗ ನೆರವಿಗೆ ಬಂದದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅಡಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರ ಸಂಘವು ಕೊಕ್ಕೋವನ್ನೂ ಕೊಳ್ಳತೊಡಗಿತು. ಕೊಂಡದ್ದನ್ನು ಬಳಸಲು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಕಟ್ಟಿತು. ಬೆಳೆದವರೇ ಒಡೆಯರಾಗಿರುವ ಅಂಥ ಕಾರ್ಖಾನೆ ಲೋಕದಲ್ಲಿ ವಿರಳ. ಪಕ್ಕದ ವಿಟ್ಲದಲ್ಲಿ ಕೊಕ್ಕೋ ತಳಿಗಳ ಸಂಶೋಧನೆ ಮಾಡುವ, ಸಿ.ಪಿ.ಸಿ.ಆರ್.ಐ. ಎಂಬ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಮೈಸೂರಿನಲ್ಲಿ ಬೀಜದಿಂದಲೇ ಆರಂಭಿಸಿ ಚಾಕೊಲೇಟು ಮಾಡುವವರು ಈಚೆಗೆ ತಲೆಯೆತ್ತಿದ್ದಾರೆ.

ಆದರೆ ಇಂದು ಬಹುಮಂದಿ ಬೆಳೆಗಾರರು ಹಸಿ ಬೀಜವನ್ನೇ ಮಾರಿಬಿಡುತ್ತಾರೆ. ಹುದುಗಿಸಲು ಬಿಡುವಿಲ್ಲ, ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ. ಕಾರಣ ನ್ಯಾಯವಾದದ್ದೇ. ಅದರ ಫಲವೇನೆಂದರೆ, ಕೊಕ್ಕೋ ಬೆಳೆಯುವ ಮನೆಯ ಮಕ್ಕಳಿಗೂ ತಮ್ಮ ತೋಟದ ಬೀಜ ಚಾಕೊಲೇಟು ಆಗುವ ಬಗೆ ತಿಳಿಯದು. ಬೇಸಿಗೆಯ ರಜೆಯೂ ಕೊಕ್ಕೋ ಹಣ್ಣಾಗುವ ಒಂದು ಮುಖ್ಯ ಕಾಲವೂ ಜೊತೆಗೂಡಿ ಬರುತ್ತವೆ. ಧರ್ಮಸ್ಥಳಕ್ಕೂ ಸುಬ್ರಹ್ಮಣ್ಯಕ್ಕೂ ಆ ತಿಂಗಳುಗಳಲ್ಲಿ ನಾಡಿನ ಮೂಲೆಮೂಲೆಯಿಂದ ಜನ ಹೋಗುತ್ತಾರೆ. ದಾರಿಯ ತೋಟವೊಂದರಲ್ಲಿ ಅವರಿಗೆ ಹಣ್ಣು ಒಡೆಯಲು ಕೊಟ್ಟು, ಹುದುಗಿನ ರಾಶಿಯೊಳಗೆ ಕೈಯಿಡಲು ಬಿಟ್ಟು, ಒಣಗಿದ್ದನ್ನು ಹುರಿಸಿ, ಅರೆಸಿ, ತಂಪಾದ ಕೋಣೆಯಲ್ಲಿ ಕಲ್ಲಿನ ಮೇಲೆ ಹದ ಹಿಡಿಯುವವರೆಗೂ ಕಲಿಸುವ ಪಾಠ ಏರ್ಪಟ್ಟರೆ, ಬ್ರಸೆಲ್ಸಿನಲ್ಲಿ ಸಿಕ್ಕದ ಪೂರ್ಣ ವಿದ್ಯೆ ಇಲ್ಲಿ ಸಿಕ್ಕುವುದು. ಆರು ದಿನದ ಹುದುಗನ್ನು ಅರ್ಧ ದಿನದಲ್ಲಿ ತೋರಿಸುವುದು ಹೇಗೆಂದರೆ, ಮೊದಲ ದಿನದ್ದು, ಮೂರನೆಯ ದಿನದ್ದು, ಆರನೆಯ ದಿನದ್ದು ಎಂದು ಮೂರು ಬುಟ್ಟಿಗಳನ್ನು ಸಾಲಾಗಿ ಇಟ್ಟರಾಯಿತು.

ತೋಟವಿರುವ ಶ್ರೋತೃಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ಸಲದ ಹಣ್ಣಿನಲ್ಲಿ ಹತ್ತು ಕಿಲೊ ಹಸಿ ಬೀಜವನ್ನು ಮಾರದೆ ಇಟ್ಟುಕೊಳ್ಳಿ. ಬಿದಿರ ಬುಟ್ಟಿಗೆ ಬಾಳೆಯೆಲೆ ಹಾಸಿ ಹುದುಗಿಸಿ, ಒಣಗಿಸಿ, ಮನೆಯ ಮಕ್ಕಳ ಕೈಯಿಂದ ಹುರಿಸಿ ಸಿಪ್ಪೆ ತೆಗೆಸಿ. ಸಹಕಾರ ಸಂಘಗಳವರಲ್ಲಿಯೂ ಶಾಲೆಯ ಉಪಾಧ್ಯಾಯರಲ್ಲಿಯೂ ನನ್ನ ಪ್ರಾರ್ಥನೆ, ಬರುವ ಬೇಸಿಗೆಯಲ್ಲಿ ಅಂಥ ಪಾಠವೊಂದನ್ನು ತಾಲೂಕಿಗೊಂದು ಕಡೆಯಾದರೂ ನಡೆಸಬೇಕೆಂಬುದು. ಕಲಿಯಲು ಬರುವವರಲ್ಲಿ ನಾನೂ ಒಬ್ಬನಾಗಿರುತ್ತೇನೆ.